ಹೊಸ 29 ಇಂಚಿನ ಹಾರ್ಡ್‌ಟೇಲ್ ಸೈಕಲ್ಲನ್ನ ಅವಲಹಳ್ಳಿ ಕಾಡಲ್ಲಿ ಓಡಿಸಿ ನೋಡ್ದೆ, ಮೊದಲ ಅನಿಸಿಕೆ (ಸ್ವಲ್ಪ ಉದ್ದ ಇದೆ)

ಗರಸುದಾರಿ:
ಬ್ರ್ಯಾಂಡ್ ಹೆಸರು ಬೇಕಂತಲೇ ಹಾಕ್ತಿಲ್ಲ, ಹಾಕಿದ್ರೆ ಎರಡನೇ ಕಾಮೆಂಟಿಗೇ ಜಗಳ ಶುರುವಾಗಿ ಸೈಕಲ್ ವಿಷಯ ಮೂಲೆಗೆ ಹೋಗುತ್ತೆ. ಸ್ಪೆಕ್ ಹೇಳ್ತೀನಿ ಸಾಕು. ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದ್ರೆ ಹಿಂದೆ ಸಸ್ಪೆನ್ಷನ್ ಇಲ್ದಿರೋ ಮೌಂಟನ್ ಬೈಕು (ಎಂಟಿಬಿ), ಮುಂದೆ 130 ಎಂಎಂ ಏರ್ ಫೋರ್ಕು (ಗಾಳಿ ತುಂಬೋ ಸಸ್ಪೆನ್ಷನ್), 29 ಇಂಚು ಚಕ್ರ, 2.4 ಟೈರು, ಶಿಮಾನೋ ಡಿಯೋರ್ 12 ಸ್ಪೀಡು ಗೇರು, ಹಿಂದೆ 10ರಿಂದ 51 ಹಲ್ಲು, ಮುಂದೆ ಒಂದೇ ರಿಂಗು 32 ಹಲ್ಲು, ಡ್ರಾಪರ್ ಪೋಸ್ಟು (ಓಡಿಸ್ತಾನೇ ಸೀಟು ಇಳಿಸೋ ಏರಿಸೋ ಕಂಬ), ಹ್ಯಾಂಡಲ್ ಅಗಲ 780 ಎಂಎಂ, ಅದನ್ನ ಫೋರ್ಕಿಗೆ ಹಿಡಿಯೋ ಸ್ಟೆಮ್ 45 ಎಂಎಂ, ಹೆಡ್ ಆಂಗಲ್ (ಫೋರ್ಕು ಎಷ್ಟು ಓರೆ ಅನ್ನೋ ಕೋನ) 65.5 ಡಿಗ್ರಿ. ತೂಕ ಅಂಗಡಿ ತಕ್ಕಡೀಲಿ 14 ಕೆಜಿ ದಾಟ್ತು. ನಾನು 5 ಅಡಿ 9 ಇಂಚು, 76 ಕೆಜಿ, ಕೊಟ್ಟಿದ್ದು ಮೀಡಿಯಂ ಸೈಜು.

ಹಿನ್ನೆಲೆ ಗೊತ್ತಿರ್ಲಿ ಅಂತ ಹೇಳ್ತಿದ್ದೀನಿ, ಇಷ್ಟು ವರ್ಷ ನಂದು 26 ಇಂಚಿನ ಹಳೇ ಗಾಡಿ, ಮುಂದೆ ಮೂರು ಹಿಂದೆ ಒಂಬತ್ತು ಗೇರು, ಉದ್ದ ಸ್ಟೆಮ್, ಮೂತಿ ಕೆಳಗೆ ಹಾಕ್ಕೊಂಡು ಓಡ್ಸೋ ಪೊಸಿಷನ್ನು. ಅದರ ಕೈ ಕಾಲು ಎಲ್ಲಾ ನಂಗೆ ಗೊತ್ತು.

ಅಂಗಡಿಯವ್ರು ಮಾಮೂಲಿ ಥರ "ಇಲ್ಲೇ ರೋಡಲ್ಲಿ ಒಂದು ರೌಂಡ್ ಹೊಡ್ಕೊಂಡ್ ಬನ್ನಿ ಸರ್" ಅಂದ್ರು. ಟಾರ್ ರೋಡಲ್ಲಿ ಒಂದು ರೌಂಡ್ ಹೊಡೆದ್ರೆ ಎಂಟಿಬಿ ಬಗ್ಗೆ ಏನ್ ಗೊತ್ತಾಗುತ್ತೆ ಹೇಳಿ, ಸೀಟು ಮೆತ್ತಗಿದೆಯಾ ಇಲ್ವಾ ಅನ್ನೋದು ಬಿಟ್ರೆ. ಡೆಪಾಸಿಟ್ ಇಟ್ಟು, ಐಡಿ ಕೊಟ್ಟು, ಗೀರು ಬಿದ್ರೆ ನಂದೇ ಜವಾಬ್ದಾರಿ ಅಂತ ಒಪ್ಕೊಂಡು ಡೆಮೋ ಗಾಡೀನ ಕಾರಿಗೆ ಹಾಕ್ಕೊಂಡು ಯಲಹಂಕ ಕಡೆ ಅವಲಹಳ್ಳಿಗೆ ಹೋದೆ. ವೀಕ್‌ಡೇ ಬೆಳಿಗ್ಗೆ, ಜನ ಇರ್ಲಿಲ್ಲ.

ಶುರೂನಲ್ಲಿ ಸುತಾರಾಂ ಹಿಡಿಸ್ಲಿಲ್ಲ. ನೀಲಗಿರಿ ಮರಗಳ ಮಧ್ಯೆ ಆ ಗರಸು ಮಣ್ಣಿನ ದಾರಿ ಇದ್ಯಲ್ಲ, ಮೇಲೆ ನೊರಜುಗಲ್ಲು ಕೆಳಗೆ ಗಟ್ಟಿ ನೆಲ, ಅಲ್ಲಿ ಮುಂದಿನ ಚಕ್ರ ಹಿಡಿತವೇ ಇಲ್ದೆ ಪುಟೀತಿತ್ತು, ಕೈಯೆಲ್ಲಾ ಜುಮ್ ಅಂತಿತ್ತು, 130 ಎಂಎಂ ಫೋರ್ಕಿದ್ದು ಏನ್ ಪ್ರಯೋಜನ ಅನ್ನಿಸ್ತು. ನಿಲ್ಸಿ ಗೇಜ್ ಇಟ್ರೆ ಟೈರಲ್ಲಿ 45 ಪಿಎಸ್‌ಐ! ಟೈರ್ ಸೈಡಲ್ಲಿ ಬರ್ದಿರೋ ಗರಿಷ್ಠದ ಹತ್ರಕ್ಕೆ ತುಂಬಿಸಿಟ್ಟಿದ್ರು. ಒಳಗೆ ಟ್ಯೂಬ್ ಇದ್ದಿದ್ರಿಂದ ತೀರಾ ಇಳಿಸೋಕೆ ಧೈರ್ಯ ಆಗ್ಲಿಲ್ಲ, ಮುಂದೆ 27 ಹಿಂದೆ 30 ಮಾಡ್ಕೊಂಡೆ. ಆಮೇಲೆ ಫೋರ್ಕಿನ ಕಾಲಲ್ಲಿರೋ ರಬ್ಬರ್ ರಿಂಗನ್ನ ಕೆಳಗೆ ತಳ್ಳಿ, ಮೆಲ್ಲಗೆ ಹತ್ತಿ ಕೂತು ಇಳಿದು ನೋಡಿದ್ರೆ 12-13 ಎಂಎಂ ಅಷ್ಟೇ ಕೂತಿದೆ, ಅಂದ್ರೆ ನೂರಕ್ಕೆ ಹತ್ತು. ಇಂಥ ಫೋರ್ಕು 20 ಪರ್ಸೆಂಟ್, ಅಂದ್ರೆ 26 ಎಂಎಂ ಆದ್ರೂ ಕೂರಬೇಕು. ನನಗಿಂತ ಭಾರ ಇರೋರ್ಯಾರೋ ಓಡ್ಸಿ ಹೋಗಿದ್ರು ಅನ್ಸುತ್ತೆ. ಶಾಕ್ ಪಂಪಿಂದ (ಫೋರ್ಕಿನ ಗಾಳಿಗೇ ಇರೋ ಪಂಪು) ಗಾಳಿ ಸ್ವಲ್ಪ ಸ್ವಲ್ಪ ಬಿಟ್ಟು ಸರಿ ಮಾಡ್ಕೊಂಡ ಮೇಲೆ ಗಾಡೀನೇ ಬೇರೆ ಆಗೋಯ್ತು, ಅದೇ ದಾರಿ, ಅದೇ ಕಲ್ಲು.

ಏರಿಗೆ ಬರೋಣ. ಕೊರಕಲು ಪಕ್ಕದ ಆ ಕಡಿದಾದ ಏರು ಗೊತ್ತಲ್ಲ, ಅಲ್ಲಿ ನಿಧಾನಕ್ಕೆ ತುಳಿವಾಗ ಮುಂದಿನ ಚಕ್ರ ಆ ಕಡೆ ಈ ಕಡೆ ತೂಗುತ್ತೆ, ಗೆರೆ ಹಿಡ್ದು ಹೋಗಲ್ಲ. 65.5 ಡಿಗ್ರಿ ಅಂದ್ರೆ ಫೋರ್ಕು ಮುಂದಕ್ಕೆ ಚಾಚ್ಕೊಂಡಿರುತ್ತೆ, ನಿಧಾನ ಇದ್ದಾಗ ಹ್ಯಾಂಡಲ್ ತಾನೇ ಒಂದು ಕಡೆ ವಾಲುತ್ತೆ. ಸೀಟಿನ ತುದಿಗೆ ಜಾರಿ ಕೂತು, ಮೊಣಕೈ ಕೆಳಗೆ ತಗೊಂಡ್ರೆ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ. ಕಿರಿದಾದ ತಿರುವಲ್ಲಿ ಎತ್ತಿನಗಾಡಿ ತಿರುಗಿಸ್ದಂಗೆ ಮೊದಲೇ ಯೋಚ್ನೆ ಮಾಡಿ ಅಗಲಕ್ಕೆ ಹೋಗಬೇಕು, ವೀಲ್‌ಬೇಸೇ (ಎರಡು ಚಕ್ರದ ನಡುಮಧ್ಯಗಳ ದೂರ) ಸುಮಾರು 1.2 ಮೀಟರ್ ಇದೆ.

ಇಳಿಜಾರಲ್ಲಿ ಬೇರೇನೇ ಕಥೆ. ಬೇರು, ಅದಾದ ತಕ್ಷಣ ಒಂದು ಮೊಳಕ್ಕಿಂತ ಸ್ವಲ್ಪ ಕಮ್ಮಿ ಎತ್ತರದ ಬಂಡೆ ಮೆಟ್ಟಿಲು, ಹಳೇ ಗಾಡೀಲಿ ಅಲ್ಲಿ ಯಾವಾಗ್ಲೂ ಇಳಿದು ತಳ್ಳೋದೇ. ಇದ್ರಲ್ಲಿ ಹೆಬ್ಬೆರಳಲ್ಲಿ ಡ್ರಾಪರ್ ಒತ್ತಿ ಸೀಟು ಕೆಳಗೆ ತಗೊಂಡು, ಬ್ರೇಕ್ ಬಿಟ್ಟು, ಕಣ್ಣು ಮುಂದೆ ಇಟ್ಟೆ, ಚಕ್ರ ಇಳಿದಿದ್ದೇ ಗೊತ್ತಾಗ್ಲಿಲ್ಲ. ವಾಪಸ್ ಹತ್ತಿ ಹೋಗಿ ಮತ್ತೆ ಇಳಿದೆ, ಅದೃಷ್ಟಾನಾ ನಿಜಾನಾ ನೋಡಕ್ಕೆ. ನಿಜಾನೇ.

ತಗೋಬೇಕಾ ಬೇಡ್ವಾ ಇನ್ನೂ ಗೊತ್ತಿಲ್ಲ. ಓಡಿಸಿರೋರು ಹೇಳಿ.

ಚೈನ್‌ಕವರ್:
ಗುರು ಚೆನ್ನಾಗ್ ಬರ್ದಿದ್ದೀಯ, ಆದ್ರೆ ಒಂದು ಮಾತು. ಬೆಂಗಳೂರಲ್ಲಿ ಇಳಿಜಾರು ಎಲ್ಲಿದೆ? ಅವಲಹಳ್ಳೀಲಿ ನೀನು ಹೇಳ್ತಿರೋ ಆ ಮೆಟ್ಟಿಲು ಮೂರು ಸೆಕೆಂಡ್ ಸಮಾಚಾರ. ಮಿಕ್ಕಿದ್ದೆಲ್ಲಾ ತುಳಿಯೋದೇ. ಮೂರು ಸೆಕೆಂಡಿಗೋಸ್ಕರ 14 ಕೆಜಿ, 65 ಡಿಗ್ರಿ, ಟ್ರ್ಯಾಕ್ಟರ್ ಟೈರು ಹೊತ್ಕೊಂಡು ತಿರುಗಬೇಕಾ? 100 ಎಂಎಂ ಫೋರ್ಕು, 68 ಡಿಗ್ರಿ, 2.25 ಟೈರಿರೋ, ತುಳಿಯೋಕೆ ಹಗುರ ಮಾಡಿರೋ ಕ್ರಾಸ್ ಕಂಟ್ರಿ, ಅಂದ್ರೆ ಎಕ್ಸ್‌ಸಿ ಹಾರ್ಡ್‌ಟೇಲ್ ತಗೊಂಡ್ರೆ ಅದೇ ದುಡ್ಡಿಗೆ ಒಂದೆರಡು ಕೆಜಿ ಕಮ್ಮಿ ಸಿಗುತ್ತೆ, ನಂದಿ ಹತ್ತೋಕೂ ಆಗುತ್ತೆ. ಕಂಪನಿಯವ್ರು ಅಮೆರಿಕ ಕೆನಡಾ ಬೆಟ್ಟಕ್ಕೆ ಮಾಡಿದ್ದನ್ನ ನಾವಿಲ್ಲಿ ಟ್ಯಾಂಕ್ ಬಂಡ್ ಮೇಲೆ ಓಡಿಸ್ತೀವಿ.

ಗರಸುದಾರಿ:
ನಂದಿಗೆ ರೋಡ್ ಸೈಕಲ್ ಇದೆ ಬ್ರೋ, ಅದಕ್ಕೆ ಇದು ಬೇಡ. ತೂಕದ ವಿಷಯ ಒಪ್ತೀನಿ, ಟಾರ್ ರೋಡಲ್ಲಿ ಆ ಟೈರು ಗುಂಯ್ ಅಂತ ಎಳೆಯುತ್ತೆ, ಕಾರಿಲ್ದೆ ಮನೆಯಿಂದ ಟ್ರೇಲಿಗೆ ತುಳ್ಕೊಂಡು ಹೋಗೋರಿಗೆ ಕಷ್ಟಾನೇ. ಆದ್ರೆ ನೋಡು, ನಾನು ಬಿದ್ದು ಮೊಣಕಾಲು ಕೆತ್ತಿಸ್ಕೊಂಡಿದ್ದೆಲ್ಲಾ ಆ ಮೂರು ಸೆಕೆಂಡಲ್ಲೇ.

ಮಡ್‌ಗಾರ್ಡ್ ಮಂಜ:
ಒಂದು ಡೌಟು, ಮುಂದೆ ಒಂದೇ ರಿಂಗ್ ಇದ್ರೆ ಏರಲ್ಲಿ ಗೇರ್ ಸಾಲುತ್ತಾ? ನಮ್ ಗಾಡೀಲಿ 22ರ ಸಣ್ಣ ರಿಂಗ್ ಇಲ್ದೆ ನಾನಂತೂ ಹತ್ತಲ್ಲಪ್ಪ.

ಗರಸುದಾರಿ:
ನಂಗೂ ಅದೇ ಭಯ ಇತ್ತು, ಅಲ್ಲೇ ಕೂತು ಲೆಕ್ಕ ಹಾಕ್ದೆ. ನಿಮ್ಮ 22ಕ್ಕೆ ಹಿಂದೆ 34 ಇದ್ರೆ ಪೆಡಲ್ ಒಂದು ಸುತ್ತಿಗೆ ಚಕ್ರ 0.65 ಸುತ್ತು ಬರುತ್ತೆ. ಇದ್ರಲ್ಲಿ 32ಕ್ಕೆ 51, 0.63. ಚಕ್ರ ದೊಡ್ಡದಾಗಿರೋದ್ರಿಂದ ಆ ಲಾಭ ಅಲ್ಲಿಗಲ್ಲಿಗೆ ವಜಾ ಆಗುತ್ತೆ, ಕಾಲಿಗೆ ಒಂಚೂರು ಭಾರಾನೇ ಅನ್ಸುತ್ತೆ, 30ರ ರಿಂಗ್ ಹಾಕಿಸ್ಕೊಂಡ್ರೆ ಸರಿಹೋಗುತ್ತೆ. ಮೇಲಿನ ಗೇರು ಕಮ್ಮಿ, 32ಕ್ಕೆ 10ರಲ್ಲಿ ನಿಮಿಷಕ್ಕೆ 80 ಸುತ್ತು ತುಳಿದ್ರೆ 35 ಕಿಮೀ ಸ್ಪೀಡು, ಆಮೇಲೆ ಕಾಲು ಸುಮ್ನೆ ತಿರುಗುತ್ತೆ. ಕಾಡಲ್ಲಿ ಅಷ್ಟು ಯಾರಿಗ್ ಬೇಕು. ಮುಂದೆ ಚೈನ್ ಸರಿಸೋ ಡಿರೇಲರ್ ಇಲ್ದಿರೋ ನೆಮ್ಮದಿ ಇದ್ಯಲ್ಲ, ಏರಿನ ಮಧ್ಯ ಚೈನ್ ಬಿದ್ದು ಒಳಗೆ ಸಿಕ್ಕಾಕೊಳ್ಳೋದು, ಕೈ ಎಣ್ಣೆ ಮಾಡ್ಕೊಳ್ಳೋದು, ಅದೊಂದು ತಪ್ಪಿದ್ರೂ ಸಾಕು.

ಗದಗಿನ ಪೆಡಲ್:
ಅಣ್ಣಾರ ಚಲೋ ಬರದೀರಿ. ಆದ್ರ ಬೆಂಗಳೂರು ಬಿಟ್ಟು ಹೊರಗ ಇರೋರ ಕಡಿಂದನೂ ಒಂದು ಮಾತ ಕೇಳ್ರಿ. 12 ಸ್ಪೀಡ್ ಡಿಯೋರ್ ಕ್ಯಾಸೆಟ್ಟಿನ್ಯಾಗ (ಹಿಂದಿನ ಹಲ್ಲಿನ ಚಕ್ರಗಳ ಗುಂಪು) 10 ಹಲ್ಲಿಂದು ಸಣ್ಣ ಚಕ್ರ ಇರ್ತದ, ಅದು ಹಳೇ ಹಬ್ ಬಾಡಿ (ಹಿಂದಿನ ಚಕ್ರದ ನಡುವಿನ ಭಾಗ) ಮ್ಯಾಲೆ ಕೂರಂಗಿಲ್ಲ, ಮೈಕ್ರೋಸ್ಪ್ಲೈನ್ ಅಂತ ಬ್ಯಾರೇನ ಬೇಕು. ಹ್ಯಾಂಗರ್ (ಡಿರೇಲರ್ ಫ್ರೇಮಿಗೆ ಹಿಡಿಯೋ ತುಂಡು) ಬಾಗಿ ಡಿರೇಲರ್ ಹೋತಂದ್ರ ನಮ್ಮೂರಾಗ ಯಾವ ಅಂಗಡ್ಯಾಗೂ ಸಿಗಂಗಿಲ್ಲ, ಹುಬ್ಬಳ್ಳಿಗೆ ಹೋಗ್ರಿ ಇಲ್ಲಾ ಆನ್‌ಲೈನ್ ಹಾಕಿ ಕಾಯ್ಕೋತ ಕೂಡ್ರಿ. ಅದಕ್ಕ ನಾ ಹೇಳೋದು, ಸಣ್ಣ ಊರಾಗ ಇರೋರು 9 ಸ್ಪೀಡ್ 10 ಸ್ಪೀಡ್ ಕ್ಯೂಸ್ ಗೇರ್ ಸೆಟ್ ನೋಡ್ರಿ, ಶಿಮಾನೋದವರು 2023ರಾಗ ತಂದಾರಲ್ಲ ಅದು, ಹಳೇ ಥರದ ಹಬ್ಬಿಗೇ ಕೂರ್ತದ, ಹಲ್ಲೂ ದಪ್ಪ ಅದಾವು, ಲಗೂ ಸವೆಯಂಗಿಲ್ಲ.

ಇನ್ನ ಚೈನ್‌ಕವರ್ ಅಣ್ಣಾರಿಗೆ, ಇಳಿಜಾರ ಎಲ್ಲಿ ಅಂತ ಕೇಳಿದ್ರಲ್ಲ, ಗದಗಕ್ಕ ಬರ್ರಿ. ಬಿಂಕದಕಟ್ಟಿ ಗುಡ್ಡದಾಗ ನ್ಯಾಷನಲ್ ಎಂಟಿಬಿ ರೇಸ್ ಆಗ್ಯಾವು. ವಿಜಯಪುರ, ಬಾಗಲಕೋಟಿ ಹುಡುಗರು ಸೈಕಲ್ಲಾಗ ನ್ಯಾಷನಲ್ ಮೆಡಲ್ ತರೋದು ಹೊಸದೇನಲ್ಲ, ಅವರ್ಯಾರೂ ಹೆಡ್ ಆಂಗಲ್ ಕೇಳಿ ಸೈಕಲ್ ಹತ್ತಿದೋರಲ್ಲ ಬಿಡ್ರಿ.

ಮತ್ತ 2.4 ಟೈರಿಗೆ ಹಿಂದ ಫ್ರೇಮಿನ್ಯಾಗ ಎಷ್ಟ್ ಜಾಗ ಅದ? ಎರಿ ಮಣ್ಣಾಗ ಒಂದ್ ಮಳಿ ಬಿದ್ರ ಸಾಕು, ಚಕ್ರಕ್ಕ ಮಣ್ಣ ಮೆತ್ಕೊಂಡು ತಿರಗೂದ ನಿಲ್ಲತೈತಿ, ಸೈಕಲ್ ಹೆಗಲ ಮ್ಯಾಲೆ ಬರತೈತಿ.

ಗರಸುದಾರಿ:
ಪೆಡಲ್ ಅಣ್ಣ, ಜಾಗ ಅಳತೆ ಮಾಡ್ಲಿಲ್ಲ, ಕಿರುಬೆರಳು ಹೋಗುತ್ತೆ ಎರಡೂ ಕಡೆ. ಎರೆ ಮಣ್ಣಿಗೆ ಅದು ಯಾವ ಮೂಲೆಗೂ ಸಾಲ್ದು ಅನ್ಸುತ್ತೆ. ಸ್ಪೇರ್ ವಿಷಯ ನೀವು ಹೇಳಿದ್ದು ಸರಿ, ಹ್ಯಾಂಗರ್ ಒಂದು ಎಕ್ಸ್‌ಟ್ರಾ ತಗೊಂಡೇ ಗಾಡಿ ತಗೋಬೇಕು, ಸುಮಾರು ಫ್ರೇಮುಗಳಿಗೆ ಅವುಗಳದ್ದೇ ಹ್ಯಾಂಗರ್, ಎರಡು ವರ್ಷ ಆದ್ಮೇಲೆ ಹುಡುಕಿದ್ರೆ ಸಿಗೋದು ಕಷ್ಟ.

ಸಣ್ಣಫ್ರೇಮ್:
ಎಲ್ರೂ ಆಂಗಲ್ಲು ಗೇರು ಅಂತಿದ್ದೀರ, ಸೈಜ್ ಬಗ್ಗೆ ಯಾರೂ ಮಾತಾಡ್ತಿಲ್ಲ. ನಾನು 5 ಅಡಿ 1 ಇಂಚು, 49 ಕೆಜಿ. ಮೈಸೂರಲ್ಲಿ ನಾನು ಟೆಸ್ಟ್ ರೈಡ್ ಕೇಳಿದ ಕಡೆಯೆಲ್ಲಾ ಮೀಡಿಯಂ ತಂದು ನಿಲ್ಸಿ "ಸೀಟ್ ಇಳಿಸಿಕೊಡ್ತೀವಿ ಮೇಡಂ, ಸರಿಹೋಗುತ್ತೆ" ಅಂತಾರೆ. ಸೀಟ್ ಇಳಿಸಿದ್ರೆ ಕಾಲು ನೆಲಕ್ಕೆ ಸಿಗುತ್ತೆ ಅಷ್ಟೇ, ಹ್ಯಾಂಡಲ್ ಹತ್ರ ಬರುತ್ತಾ? ನಿಂತ್ಕೊಂಡು ಓಡ್ಸುವಾಗ ನೋಡಬೇಕಾಗಿರೋದು ರೀಚು (ಪೆಡಲ್ ನಡುವಿಂದ ಹ್ಯಾಂಡಲ್ ಕಡೆಗಿರೋ ಫ್ರೇಮಿನ ಉದ್ದ), ಅದು ಫ್ರೇಮಲ್ಲಿ ಫಿಕ್ಸು. ಸಣ್ಣ ಸೈಜಿಗೆ ಕೆಲವು ಕಂಪನಿಗಳು 27.5 ಚಕ್ರ ಹಾಕಿ ಕೊಡ್ತವೆ, ಅದನ್ನ ಹಳೇ ಸ್ಟಾಕು ಅಂತ ಅಂಗಡಿಯೋರೇ ಮೂದಲಿಸ್ತಾರೆ, ನಂಗೆ ಅದೇ ಸರಿಯಾಗಿ ಕೂತಿದ್ದು. 29ರಲ್ಲಿ ಇಳಿಜಾರಲ್ಲಿ ಹಿಂದಕ್ಕೆ ಹೋದಾಗ ಟೈರು ಪ್ಯಾಂಟಿಗೆ ಉಜ್ಜುತ್ತೆ, ಸಣ್ಣ ಆಳುಗಳಿಗೆ ಗೊತ್ತು ಈ ಕಷ್ಟ.

ಇನ್ನೊಂದು, 780 ಹ್ಯಾಂಡಲ್ ನನ್ನ ಭುಜಕ್ಕೆ ಎಲ್ಲಿಯ ಮಾತು. 730ಕ್ಕೆ ಕತ್ತರಿಸಿಕೊಂಡೆ. ಕತ್ತರಿಸೋ ಮುಂಚೆ ಗ್ರಿಪ್ಪನ್ನ ಒಳಗೆ ಸರಿಸಿ ಸ್ವಲ್ಪ ದಿನ ಓಡ್ಸಿ ನೋಡಿ. ಬ್ರೇಕ್ ಲಿವರ್ ಹತ್ರಕ್ಕೆ ತರೋ ಸ್ಕ್ರೂ ಇರುತ್ತೆ, ಅದನ್ನ ಟೆಸ್ಟ್ ರೈಡಲ್ಲೇ ತಿರುಗಿಸ್ಕೊಳ್ಳಿ, ಕೇಳೋಕೆ ಸಂಕೋಚ ಬೇಡ.

ಗರಸುದಾರಿ:
ಸಣ್ಣಫ್ರೇಮ್ ಅಕ್ಕ, ಇದೇ ನಾನು ಹೇಳ್ಬೇಕು ಅಂತಿದ್ದಿದ್ದು, ನೀವು ಚೆನ್ನಾಗ್ ಹೇಳಿದ್ರಿ. ಟೈರ್ ಗಾಳಿ, ಫೋರ್ಕ್ ಗಾಳಿ, ಸೀಟು, ಗ್ರಿಪ್ಪು, ಲಿವರ್ರು, ಸ್ಟೆಮ್ಮು, ಇವೆಲ್ಲಾ ಮನೆಗೆ ತಂದ್ಮೇಲೂ ಬದಲಾಯಿಸ್ಬಹುದು, ಆದ್ರೆ ಓಡ್ಸಿದ ತಕ್ಷಣ ಚೆನ್ನಾಗಿದೆ ಚೆನ್ನಾಗಿಲ್ಲ ಅನ್ಸೋದು ಮುಕ್ಕಾಲು ಪಾಲು ಇವುಗಳಿಂದಾನೇ. ಫ್ರೇಮಿನ ಉದ್ದ, ಆಂಗಲ್ಲು, ಹಿಂದಿನ ಆಕ್ಸಲ್ ಯಾವ್ದು, ಹೆಡ್‌ಟ್ಯೂಬ್ (ಫೋರ್ಕು ಕೂರೋ ಕೊಳವೆ) ಕೋನ್ ಥರ ಇದೆಯಾ ನೇರ ಇದೆಯಾ, ಇವನ್ನ ಆಮೇಲೆ ಏನೂ ಮಾಡೋಕಾಗಲ್ಲ. ಅದಕ್ಕೇ ಮೊದಲು ಗಾಳಿ ಸರಿ ಮಾಡ್ಕೊಂಡು ಆಮೇಲೆ ತೀರ್ಪು ಕೊಡಿ ಅಂತ.

ಮುರಕಲ್ಲು:
ನಮ್ಮ ಮಂಗಳೂರು ಸೈಡಿನ ಮಾತು ಒಂದು ಹೇಳ್ತೇನೆ ಮಾರಾಯ್ರೆ. ಬೆಂಗಳೂರಿನ ಒಣ ಗರಸಲ್ಲಿ ಚಂದ ಹಿಡಿಯುವ ಟೈರು ಇಲ್ಲಿ ಮಳೆಗಾಲದ ಮುರಕಲ್ಲಿನ ಗುಡ್ಡೆಯಲ್ಲಿ ಪಾಚಿ ಮೇಲೆ ಹೋದ್ರೆ ಸೀದಾ ಆಸ್ಪತ್ರೆ. ಹೊಸ ಗಾಡಿಗೆ ಹಾಕಿ ಬರುವ ಟೈರು ಹೆಚ್ಚಿನದ್ದೂ ಗಟ್ಟಿ ರಬ್ಬರು, ಬೇಗ ಸವೆಯಬಾರದು ಅಂತ ಮಾಡಿದ್ದು. ಗಾಡಿ ಓಡಿಸಿ ನೋಡುವಾಗ ಉಗುರಲ್ಲಿ ಒತ್ತಿ ನೋಡಿ, ಗೊತ್ತಾಗ್ತದೆ.

ಬ್ರೇಕಿನ ವಿಷಯ ಯಾರೂ ಎತ್ತಲಿಲ್ಲ ಅಲ್ವಾ? ರೋಟರ್ (ಬ್ರೇಕ್ ಡಿಸ್ಕ್) ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಅಂತ ಕೊರೆದಿದ್ರೆ ಮೆಟಲ್ ಪ್ಯಾಡ್ ಹಾಕ್ಲಿಕ್ಕೆ ಆಗುವುದಿಲ್ಲ, ರೋಟರ್ ತಿಂದು ಹಾಕ್ತದೆ. ಇಲ್ಲಿ ಜೂನ್ ಜುಲೈಯಲ್ಲಿ ಕೆಸರು ನೀರು ಸೇರಿ ರೆಸಿನ್ ಪ್ಯಾಡು ಎಷ್ಟು ಬೇಗ ಹೋಗ್ತದೆ ಅಂದ್ರೆ ನಂಬಲಿಕ್ಕಿಲ್ಲ ನೀವು. ನಿಮ್ಮ ಡೆಮೋ ಗಾಡಿಯಲ್ಲಿ ಏನು ಉಂಟು ಅಂತ ನೋಡಿದ್ರಾ?

ಗರಸುದಾರಿ:
ಬ್ರೇಕ್ ಮರ್ತೇಬಿಟ್ಟಿದ್ದೆ ಬರೆಯೋದು. ಎರಡು ಪಿಸ್ಟನ್ ಹೈಡ್ರಾಲಿಕ್ಕು, ಮುಂದೆ 180 ರೋಟರ್ ಹಿಂದೆ 160, ಏನ್ ಕೊರೆದಿದೆ ಅಂತ ಈ ಸಲ ನೋಡ್ತೀನಿ. ಶುರೂಲಿ ಬ್ರೇಕೇ ಹಿಡೀತಿರ್ಲಿಲ್ಲ, ಲಿವರ್ ಪೂರ್ತಿ ಎಳೆದ್ರೂ ಗಾಡಿ ಜಾರ್ಕೊಂಡು ಹೋಗ್ತಿತ್ತು, ಜೊತೆಗೆ ಕೀಂಯ್ ಅಂತ ಸದ್ದು. ಪ್ಯಾಡು ರೋಟರು ಹೊಸದು, ಪಳಗಿಸಿಲ್ಲ ಅಂತ ಅರ್ಥ ಆಯ್ತು. ಪಾರ್ಕಿಂಗ್ ಹತ್ರ ವಾಪಸ್ ಬಂದು 20-25 ಸ್ಪೀಡಿಗೆ ಹೋಗೋದು, ಚಕ್ರ ಲಾಕ್ ಆಗದಂಗೆ ನಡಿಗೆ ಸ್ಪೀಡಿಗೆ ಇಳಿಸೋದು, ಪೂರ್ತಿ ನಿಲ್ಸದೆ ಮತ್ತೆ ಹೋಗೋದು, ಹೀಗೆ ಮುಂದಿನ ಬ್ರೇಕು ಹಿಂದಿನ ಬ್ರೇಕು ಬೇರೆ ಬೇರೆ ಮಾಡ್ತಾ ಹೋದೆ, ವಾಕಿಂಗ್ ಬಂದಿದ್ದ ಅಂಕಲ್ ಒಬ್ರು ಇವನಿಗೇನಾಗಿದೆ ಅಂತ ನಿಂತು ನೋಡ್ತಿದ್ರು. ಸ್ವಲ್ಪ ಹೊತ್ತಿಗೆ ಒಂದೇ ಬೆರಳಲ್ಲಿ ನಿಲ್ಲೋ ಹಂಗಾಯ್ತು.

ಇನ್ನೊಂದು ವಿಷಯ, ಹತ್ತೋ ಮುಂಚೆ ಯಾವ ಲಿವರ್ ಯಾವ ಬ್ರೇಕು ಅಂತ ನೋಡ್ಕೊಳ್ಳಿ. ನಮ್ಮಲ್ಲಿ ಬಲಗೈ ಮುಂದಿನದು. ಹೊರಗಿಂದ ಬಂದ ಗಾಡಿ, ಅಮೆರಿಕದಿಂದ ಯಾರೋ ತಂದು ಮಾರಿರೋದು, ಅವುಗಳಲ್ಲಿ ಎಡಗೈ ಮುಂದಿನದು ಇರುತ್ತೆ. ಇಳಿಜಾರಲ್ಲಿ ಗೊತ್ತಾದ್ರೆ ತಲೆಕೆಳಗೆ.

ಟ್ಯೂಬ್‌ಲೆಸ್ ತಿಪ್ಪ:
27 ಪಿಎಸ್‌ಐಗೆ ಟ್ಯೂಬ್ ಇಟ್ಕೊಂಡು ಆ ಮೆಟ್ಟಿಲು ಇಳಿದು ಪಂಕ್ಚರ್ ಆಗ್ಲಿಲ್ಲ ಅಂದ್ರೆ ನಿನ್ ಪುಣ್ಯ ಮಗಾ. ರಿಮ್ಮಿಗೂ ಕಲ್ಲಿಗೂ ಮಧ್ಯ ಟ್ಯೂಬ್ ಸಿಕ್ಕಿದ್ರೆ ಹಾವು ಕಚ್ಚಿದಂಗೆ ಎರಡು ತೂತು. ಗಾಡಿ ತಗೊಂಡ್ರೆ ಮೊದಲ ದಿನಾನೇ ಟ್ಯೂಬ್‌ಲೆಸ್ ಮಾಡ್ಸು, ಟೇಪು ವಾಲ್ವು ಸೀಲಂಟು (ತೂತು ಮುಚ್ಚೋ ದ್ರವ) ಅಷ್ಟೇ ಖರ್ಚು, ಟೈರು ರಿಮ್ಮು ರೆಡಿ ಇದ್ರೆ. ನಿನ್ ತೂಕಕ್ಕೆ ಮುಂದೆ 22-23 ಸಾಕು. ಬೆಂಗಳೂರು ಸುತ್ತಮುತ್ತ ಜಾಲಿ ಮುಳ್ಳಿಗೆ ಟ್ಯೂಬ್ ಇಟ್ಕೊಂಡು ಹೋಗೋದು ದಡ್ಡತನ, ಒಂದು ಮುಳ್ಳು ಕಿತ್ತು ನೋಡೋ ಹೊತ್ತಿಗೆ ಇನ್ನೊಂದು ಹೊಕ್ಕಿರುತ್ತೆ.

ಚೈನ್‌ಕವರ್:
ನೋಡಿ, ಗಾಡಿ, ಅದರ ಮೇಲೆ ಟ್ಯೂಬ್‌ಲೆಸ್, 30ರ ರಿಂಗು, ಎಕ್ಸ್‌ಟ್ರಾ ಹ್ಯಾಂಗರ್ರು, ಶಾಕ್ ಪಂಪು, ಬೇರೆ ಟೈರು, ಬೇರೆ ಪ್ಯಾಡು. ಟೆಸ್ಟ್ ರೈಡ್ ಫ್ರೀ ಅಂದ್ರಲ್ಲ ಅಂಗಡಿಯೋರು 😄

ತಮಾಷೆ ಪಕ್ಕಕ್ಕಿಡಿ, ದುಡ್ಡಿನ ಲೆಕ್ಕದಲ್ಲಿ ಒಂದು ಒಳ್ಳೇ ವಿಷಯ, 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿಗೂ ಬಿಡಿಭಾಗಕ್ಕೂ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಹಳೇ ಎಂಆರ್‌ಪಿ ಸ್ಟಿಕ್ಕರ್ ತೋರಿಸಿ ಡಿಸ್ಕೌಂಟ್ ಅಂದ್ರೆ ಅದು ಡಿಸ್ಕೌಂಟಾ ಟ್ಯಾಕ್ಸ್ ಇಳಿದಿದ್ದಾ ಕೇಳಿ ತಗೋ. ನಾನು ಎಕ್ಸ್‌ಸಿ ಅಂತಾನೇ ಹೇಳೋದು ಈಗ್ಲೂ. ಒಂದು ಕೆಲಸ ಮಾಡು, ನನ್ನ ಗಾಡೀನ ಅದೇ ಲೂಪಲ್ಲಿ ಓಡ್ಸು, ಏರಲ್ಲಿ ಎಷ್ಟು ವ್ಯತ್ಯಾಸ ಅಂತ ನಿನ್ ಕಾಲೇ ಹೇಳುತ್ತೆ.

ಗರಸುದಾರಿ:
ಡನ್, ಖಂಡಿತ ಓಡ್ಸ್ತೀನಿ, ಏರಲ್ಲಿ ನಿಂದೇ ಗೆಲ್ಲುತ್ತೆ ಅಂತ ಈಗ್ಲೇ ಬರ್ಕೊಡ್ತೀನಿ. ಆದ್ರೆ ವಾಪಸ್ ಇಳಿವಾಗ ನೀನೂ ಇದ್ರಲ್ಲಿ ಇಳೀಬೇಕು, ಆಮೇಲೆ ಮಾತಾಡೋಣ.

ಅಂಗಡಿಗೆ ಫೋನ್ ಮಾಡಿದ್ದೆ, ಲಾರ್ಜ್ ಸೈಜಿನ ಡೆಮೋನೂ ಬಂದಿದ್ಯಂತೆ. ಮೀಡಿಯಂ ರೀಚು 440, ಲಾರ್ಜು 465, ನಾನು ಮಧ್ಯ ಸಿಕ್ಕಾಕೊಂಡಿದ್ದೀನಿ. ಮೀಡಿಯಂನಲ್ಲಿ ನಿಂತಾಗ ಸರಿ ಇತ್ತು, ಕೂತು ಹತ್ತುವಾಗ ಮೊಣಕಾಲು ಹ್ಯಾಂಡಲ್ ಹತ್ರ ಬರ್ತಿತ್ತು, ತಿರುವಲ್ಲಿ ಒಂದೆರಡು ಸಲ ತಗುಲ್ತು ಕೂಡ. ಲಾರ್ಜ್ ತಗೊಂಡ್ರೆ ಆ ತಿರುವುಗಳಲ್ಲಿ ಇನ್ನೂ ಉದ್ದ ಗಾಡಿ. ಎರಡನ್ನೂ ಒಂದೇ ದಿನ ಒಂದೇ ಗಾಳಿ ಪ್ರೆಶರಲ್ಲಿ ಓಡ್ಸದೆ ತೀರ್ಮಾನ ಮಾಡಲ್ಲ.

ಸಣ್ಣಫ್ರೇಮ್:
5'9"ಗೆ ನನ್ನ ಕೇಳಿದ್ರೆ ಮೀಡಿಯಮ್ಮೇ. ಉದ್ದ ಸ್ಟೆಮ್ ಹಳೇ ಗಾಡಿಯಿಂದ ಬಂದೋರಿಗೆ ಶುರೂಲಿ ಎಲ್ಲಾ ಮೀಡಿಯಮ್ಮೂ ಗಿಡ್ಡ ಅನ್ಸುತ್ತೆ, ಸೀಟು ಮುಂದಿರೋದ್ರಿಂದ. ಸೀಟಿನ ರೇಲನ್ನ ಒಂದು ಸೆಂಟಿಮೀಟರ್ ಹಿಂದಕ್ಕೆ ಸರಿಸಿ ನೋಡಿ ಮೊದಲು.

ಗದಗಿನ ಪೆಡಲ್:
ಹೌದ್ರಿ ಅಕ್ಕಾರು ಹೇಳಿದ್ದ ಖರೆ. ಹೋಗೋಕಿಂತ ಮೊದಲ ಗೇಟ್ ಟೈಮಿಂಗ್ ಕೇಳ್ಕೊಂಡ ಹೋಗ್ರಿ, ಫಾರೆಸ್ಟ್ ಜಾಗಾ ಅದು, ಬಾಗಲಾ ಹಾಕಿದ್ರ ಎರಡೆರಡ ಸೈಕಲ್ ಹೊತ್ಕೊಂಡು ವಾಪಸ್ ಬರಬೇಕಾಗತೈತಿ.

ಗರಸುದಾರಿ:
ಕೇಳಿದೀನಿ ಅಣ್ಣ, ಬೆಳಿಗ್ಗೆ ಬಿಡ್ತಾರೆ. ಅಂಗಡಿಯ ಶಾಕ್ ಪಂಪ್ ಈ ಸಲ ಬೇರೆ ಯಾರೋ ತಗೊಂಡು ಹೋಗಿದ್ದಾರಂತೆ. ಅಲ್ಲಿಗೆ ಬರೋರಲ್ಲಿ ಯಾರ ಹತ್ರ ಇದೆ?

ಟ್ಯೂಬ್‌ಲೆಸ್ ತಿಪ್ಪ:
ನನ್ ಹತ್ರ ಇದೆ, ತರ್ತೀನಿ. ಆದ್ರೆ ಅದ್ರ ಗೇಜ್ ಹತ್ತು ಪಿಎಸ್‌ಐ ಜಾಸ್ತಿ ತೋರ್ಸುತ್ತೆ, ನಂಬರ್ ನೋಡ್ಬೇಡ, ರಬ್ಬರ್ ರಿಂಗ್ ಎಲ್ಲಿಗೆ ಬರುತ್ತೆ ಅಂತ ನೋಡಿ ಸೆಟ್ ಮಾಡ್ಕೋ.